ಕುರಿ ತೊಳೆದ ನೀರು

ನಮ್ಮ ನಾಯಿಗೆ ಹುಚ್ಚು ಹಿಡಿದಿರಲಿಲ್ಲ. ಮೈಗೆ ಹಾಕಿದ ಕುರಿ ಔಷಧ ಅದರ ಹೊಟ್ಟೆಗೆ ಹೋಗಿತ್ತು. ಆದದ್ದು ಇಷ್ಟೇ. ಊರಲ್ಲಿ ಇವತ್ತಿಗೂ ಬೇರೆ ಬೇರೆ ಹೇಳುತ್ತಾರೆ. ಯಾರೋ ಮಾಡಿಸಿದ್ದು ಅನ್ನುವವರಿದ್ದಾರೆ, ಅಮಾಸಿ ಹತ್ತಿರ ಇತ್ತು ಅನ್ನುವವರಿದ್ದಾರೆ. ನನ್ನ ಮೈದುನ ಹುಚ್ಚು ಹಿಡಿದಿತ್ತು, ಆಮೇಲೆ ಇಳಿಯಿತು ಅನ್ನುತ್ತಾನೆ. ಹಿಡಿದ ಹುಚ್ಚು ಇಳಿಯುವುದಿಲ್ಲ. ಇಳಿದದ್ದನ್ನು ಯಾರಾದರೂ ಕಂಡಿದ್ದರೆ ನನ್ನ ಮುಂದೆ ಬಂದು ಹೇಳಲಿ.

ಆದರೆ ಇದು ಈಗಿನ ಮಾತು. ಅವತ್ತು ಮಧ್ಯಾಹ್ನ ನನಗೂ ಏನೂ ಗೊತ್ತಿರಲಿಲ್ಲ. ನಾಯಿಯ ಹಲ್ಲು ನನ್ನ ಸೊಸೆಯ ಕೈಗೆ ನಟ್ಟಿತ್ತು. ಸೊಸೆ ಬಸುರಿ. ನಾಯಿಗೆ ಏನಾಗಿದೆ ಅಂತ ತಿಳಿಯುವ ಮೊದಲೇ ಅದನ್ನು ಕೊಲ್ಲಲು ಜನ ಬಡಿಗೆ ಹಿಡಿದು ಹಿತ್ತಲಲ್ಲಿ ನಿಂತಿದ್ದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾಯಿ ಮೇಲಿನ ಪ್ರೀತಿಯಿಂದ ನಾನು ಅಡ್ಡ ನಿಂತೆ ಅಂತ ಯಾರೂ ತಿಳಿಯಬೇಡಿ. ನಾನು ಅದಕ್ಕೆ ರೊಟ್ಟಿ ಹಾಕುತ್ತಿದ್ದೆ, ಅದು ಕುರಿ ಕಾಯುತ್ತಿತ್ತು. ಅದರ ತಲೆ ಸವರಿದ್ದು ನನಗೆ ನೆನಪಿಲ್ಲ. ಅವತ್ತು ಅದು ಬದುಕಬೇಕಾಗಿತ್ತು, ಯಾಕಂದರೆ ಅದು ಬದುಕಿದರೆ ಹುಚ್ಚಲ್ಲ ಅಂತ ಗೊತ್ತಾಗುತ್ತಿತ್ತು. ಬಡಿದು ಕೊಂದು ಹಳ್ಳಕ್ಕೆ ಎಸೆದರೆ ಯಾರನ್ನು ಕೇಳುವುದು? ಸೊಸೆ ತಿಂಗಳುಗಟ್ಟಲೆ ನೀರಿನ ತಂಬಿಗೆ ಕಂಡಾಗೆಲ್ಲ ತನಗೂ ಬಂತೋ ಏನೋ ಅಂತ ಗಂಟಲು ಮುಟ್ಟಿಕೊಳ್ಳುತ್ತಾ ಕೂಡಬೇಕಾಗುತ್ತಿತ್ತು.

ನಮ್ಮೂರು ಝಳಕಿಯಿಂದ ಒಳಗೆ. ಗಾಳಿ ಆ ಕಡೆಯಿಂದ ಬೀಸಿದರೆ ಹೈವೇ ಲಾರಿಗಳ ಸದ್ದು ಕೇಳುತ್ತದೆ. ಹೊಲದಲ್ಲಿ ತೊಗರಿ, ಬಿಳಿಜೋಳ. ಮನೆ ಹಿಂದೆ ಕುರಿ ಹಟ್ಟಿ. ಆಗ ಊರಿಗೆಲ್ಲ ಒಂದೇ ಫೋನು, ಅದೂ ಕಿರಾಣಿ ಅಂಗಡಿಯಲ್ಲಿ. ನಾಯಿ ಕರಿಯದು, ಕುತ್ತಿಗೆ ಸುತ್ತ ದಪ್ಪ ಕೂದಲು. ಬೆಕ್ಕು ಒಂದಿತ್ತು, ಪಟ್ಟೆಪಟ್ಟೆಯದು, ಜೋಳದ ಚೀಲಕ್ಕೆ ಇಲಿ ಬೀಳಬಾರದು ಅಂತ ಸಾಕಿದ್ದು. ನಾಯಿಗೂ ಬೆಕ್ಕಿಗೂ ಜಗಳ ಇರಬೇಕು ಅನ್ನುತ್ತಾರಲ್ಲ, ನಮ್ಮಲ್ಲಿ ಇರಲಿಲ್ಲ. ಚಳಿ ಬಿದ್ದರೆ ಬೆಕ್ಕು ನಾಯಿಯ ಹೊಟ್ಟೆಗೆ ಒತ್ತಿ ಮಲಗುವುದು, ಅದರ ಕಿವಿ, ಕುತ್ತಿಗೆ ಎಲ್ಲ ನೆಕ್ಕುವುದು. ನಾಯಿ ಕಣ್ಣು ಮುಚ್ಚಿ ಸುಮ್ಮನೆ ಬಿದ್ದಿರುವುದು.

ಉಣ್ಣೆ ಕತ್ತರಿಸಿದ ಮೇಲೆ ಕುರಿಗಳಿಗೆ ಉಣ್ಣಿ ಔಷಧ ಹಾಕುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ದನ ನೀರು ಕುಡಿಯುವ ಸಿಮೆಂಟಿನ ಬಾನಿ ಹಳೆಯದೊಂದು ಹಟ್ಟಿಯಲ್ಲಿತ್ತು. ಅದರ ತುಂಬ ನೀರು ಹಾಕಿ, ಔಷಧ ಕಲಸಿ, ಒಂದೊಂದೇ ಕುರಿಯ ಕಾಲು ಹಿಡಿದು ಕುತ್ತಿಗೆತನಕ ಅದ್ದಿ ಬಿಡುತ್ತಿದ್ದರು. ಕುರಿ ಮೈ ಜಾಡಿಸಿ ಬಿಸಿಲಿಗೆ ಹೋಗಿ ನಿಲ್ಲುವುದು, ಸಂಜೆಗೆ ಉಣ್ಣಿಗಳು ಉದುರುವವು. ಎಲ್ಲ ಕುರಿ ಮುಗಿದ ಮೇಲೆ ಕಡೆಗೆ ನಾಯಿ. ಹಟ್ಟಿಯ ನಾಯಿ ಅಂದರೆ ಅದೂ ಹಟ್ಟಿಯ ಒಂದು ಕುರಿ ಅನ್ನುವ ಲೆಕ್ಕ. ನಮ್ಮ ಮಾವನವರು ಹಂಗೇ ಮಾಡುತ್ತಿದ್ದರು, ನಮ್ಮ ಮನೆಯವರೂ ಹಂಗೇ ಮಾಡಿಕೊಂಡು ಬಂದಿದ್ದರು. ಅದು ನನ್ನ ಕಣ್ಣಿಗೆ ಎಷ್ಟು ರೂಢಿಯಾಗಿತ್ತು ಅಂದರೆ ಅವತ್ತು ಮುಂಜಾನೆ ಹಟ್ಟಿಯಲ್ಲಿ ಕುರಿ ಒದರುವುದು ಕೇಳಿದರೂ ನಾನು ಆ ಕಡೆ ಹೋಗಲಿಲ್ಲ. ರೊಟ್ಟಿ ಬಡಿಯುತ್ತಿದ್ದೆ.

ಮಗ ಮನೆಯಲ್ಲಿರಲಿಲ್ಲ. ಟಗರು ಮಾರಲು ಸಿಂದಗಿ ಸಂತೆಗೆ ಹೋಗಿದ್ದ, ಮರುದಿನ ಬರುವವನು. ಸೊಸೆಯ ತವರು ಬಾಗೇವಾಡಿ ಕಡೆಯ ಮಸೂತಿ. ಚೊಚ್ಚಲ ಬಸುರು. ಅವರ ಮನೆಯವರು ಬುತ್ತಿ ಕಟ್ಟಿಕೊಂಡು ಕರೆದೊಯ್ಯಲು ಬರುವ ದಿನ ಹತ್ತಿರವಿತ್ತು.

ಊಟ ಮುಗಿಸಿ ನಾನು ಪಡಸಾಲೆಯಲ್ಲಿ ಕಾಲು ಚಾಚಿದ್ದೆ. ಹಿತ್ತಲಿಂದ ಸೊಸೆ ಕೂಗಿದಳು. ನಾಯಿ ಬಂಡಿಯ ನೆರಳಲ್ಲಿ ಒರಗಿತ್ತು, ಬಾಯಿಂದ ನೊರೆ. ಮೈ ಒಂದೇ ಸಮ ಅದುರುತ್ತಿತ್ತು, ಹಿಂಗಾಲು ಸೆಟೆದು ಮಣ್ಣು ಕೆರೆಯುತ್ತಿತ್ತು. ಸೊಸೆ ಅದರ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಬಲಗೈಯನ್ನು ಎಡಗೈಯಲ್ಲಿ ಹಿಡಿದಿದ್ದಳು. ಹೆಬ್ಬೆರಳ ಬುಡದಲ್ಲಿ ಹಲ್ಲಿನ ಗುರುತು, ರಕ್ತ ಹನಿ ಕಟ್ಟಿತ್ತು.

"ಎಲುಬು ಸಿಕ್ಕೈತಿ ಅಂತ ತಿಳದ್ನಿರಿ ಅತ್ತಿ," ಅಂದಳು. "ತಗಿಯಾಕ ಕೈ ಹಾಕಿದ್ನಿ."

ಬಾಯಿ ತೆರೆದು ಜೊಲ್ಲು ಸುರಿಸಿ ಕಕ್ಕಲು ಬಂದಂತೆ ಮಾಡುವ ನಾಯಿಯನ್ನು ಕಂಡರೆ ಯಾರಿಗೂ ಹಂಗೇ ಅನ್ನಿಸುತ್ತದೆ. ಮುದ್ದೇಬಿಹಾಳ ಕಡೆ ನನ್ನ ತವರಲ್ಲಿ ನಮ್ಮ ಸೋದರಮಾವನಿಗೂ ಹಂಗೇ ಅನ್ನಿಸಿತ್ತು. ಅವನೂ ಎಲುಬು ತೆಗೆಯಲು ನಾಯಿಯ ಬಾಯಿಗೆ ಕೈ ಹಾಕಿದ್ದ. ಎಲುಬು ಇರಲಿಲ್ಲ. ಗಾಯಕ್ಕೆ ಬೇರು ತೇಯ್ದು ಹಚ್ಚಿದರು, ಮಂತ್ರ ಹಾಕಿಸಿದರು. ಗಾಯ ಮಾಯ್ದಿತು, ಅವನು ಹೊಲಕ್ಕೂ ಹೋದ, ನಾಯಿಯ ಮಾತೇ ಮರೆತುಹೋಯಿತು. ತಿಂಗಳುಗಳ ಮೇಲೆ, ಸುಗ್ಗಿ ರಾಶಿಯ ಕಾಲಕ್ಕೆ ಒಂದು ದಿನ ಅವನಿಗೆ ನೀರು ಇಳಿಯಲಿಲ್ಲ. ಕತ್ತಲೆ ಕೋಣೆಯಲ್ಲಿ ಹಾಕಿ ಹೊರಗಿನಿಂದ ಚಿಲಕ ಹಾಕಿದರು. ನಾನು ಆಗ ಲಂಗ ಉಡುವ ಹುಡುಗಿ. ಕಿಂಡಿಯಲ್ಲಿ ಇಣುಕಿ ನೋಡಿದ್ದೇನೆ. ಏನು ನೋಡಿದೆ ಅಂತ ಯಾರಿಗೂ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ.

ಸೊಸೆಯ ಕೈ ಇನ್ನೊಮ್ಮೆ ತಿರುವಿ ನೋಡಿದೆ. ಬಂಡಿಯ ಗಾಲಿ ಹಿಡಿದು ನಿಂತೆ.

ಅಷ್ಟರಲ್ಲಿ ಗೋಡೆಯಾಚೆಯ ಮನೆಯಿಂದ ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಬಂದಳು. ಸೊಸೆಯ ಕೈ ನೋಡಿದವಳೇ ಒಳಗೆ ಓಡಿ ಕೆಂಪು ಖಾರಪುಡಿ, ಸುಣ್ಣ ತಂದು ಗಾಯಕ್ಕೆ ಒತ್ತಿದಳು. ಸೊಸೆ ಚೀರಿದಳು. ಉರಿದರೆ ವಿಷ ಸುಡುತ್ತದೆ, ತಡಕೋ ಅಂತ ನೆಗೆಣ್ಣಿ ಗದರಿದಳು. ನಾನೂ ಬೇಡ ಅನ್ನಲಿಲ್ಲ. ನಮ್ಮ ಕಡೆ ಯಾರಿಗೆ ನಾಯಿ ಕಚ್ಚಿದರೂ ಮೊದಲು ಹಾಕುವುದು ಖಾರ.

ಮೈದುನ ಬಂದ. ಅವನ ಹಿಂದೆ ಓಣಿಯ ಗಂಡಸರು. ಒಬ್ಬನ ಕೈಯಲ್ಲಿ ಬಾರಕೋಲು, ಇನ್ನೊಬ್ಬನ ಕೈಯಲ್ಲಿ ಬಂಡಿಯ ಗೂಟ. ಮೈದುನ ಪರಾತದಲ್ಲಿ ನೀರು ತಂದು ಬಡಿಗೆಯಿಂದ ನಾಯಿಯ ಮುಂದೆ ತಳ್ಳಿದ. ಹುಚ್ಚು ನಾಯಿ ನೀರಿಗೆ ಅಂಜುತ್ತದೆ, ಅದೇ ಪರೀಕ್ಷೆ. ಎಲ್ಲರೂ ಬಗ್ಗಿ ನೋಡಿದರು. ನಾಯಿ ಮೂತಿ ಮುಂದೆ ಮಾಡಿತು. ದವಡೆ ಗಡಗಡ ಅದುರಿ ನೀರು ಮೂಗಿಗೆ ಸಿಡಿಯಿತು, ತಲೆ ಹಿಂದಕ್ಕೆ ಎಳೆದುಕೊಂಡಿತು.

"ಆತಲ್ಲ," ಅಂದ ಮೈದುನ. "ಹಿಂದಕ ಸರೀರಿ ವೈನಿ."

ನಾನು ಸರಿಯಲಿಲ್ಲ. ಕುರಿಮರಿಗಳನ್ನು ಕವಚಿ ಹಾಕುವ ದೊಡ್ಡ ಬುಟ್ಟಿ ಗೋಡೆಗೆ ಒರಗಿತ್ತು. ಅದನ್ನು ಎಳೆದು ತಂದು ನಾಯಿಯ ಮೇಲೆ ಬೋರಲು ಹಾಕಿದೆ, ಮೇಲೆ ಒಗೆಯುವ ಕಲ್ಲು ಹೇರಿದೆ. ಕಲ್ಲು ಹೆಂಗೆ ಎತ್ತಿದೆನೋ ನನಗೇ ಗೊತ್ತಿಲ್ಲ. ಬುಟ್ಟಿಯ ಸಂದಿಯಿಂದ ನೊರೆ ಹೊರಗೆ ಬರುತ್ತಿತ್ತು.

"ಇದನ್ನ ಕೊಂದ್ರ ನಾ ಯಾರನ್ನ ಕೇಳ್ಲಿ?" ಅಂದೆ.

"ಏನ ಕೇಳೂದೈತಿ?"

"ಹುಚ್ಚ ಐತೋ ಇಲ್ಲೋ ಅಂತ. ಅದರ ಹಲ್ಲು ನಿನ್ನ ಸೊಸಿಗೆ ನಟ್ಟಿಲ್ಲ, ನನ್ನ ಸೊಸಿಗೆ ನಟ್ಟೈತಿ."

ಬುಟ್ಟಿ ಕಿತ್ತು ಹೊರಗೆ ಬಂದು ಓಣಿಯ ಹುಡುಗರನ್ನು ಕಚ್ಚಿದರೆ ಹೊಣೆ ಯಾರು ಅಂತ ಗೂಟ ಹಿಡಿದವನು ಕೇಳಿದ. ಕೇಳಿದ್ದು ತಪ್ಪಲ್ಲ. ಅವನ ಮನೆಯಲ್ಲೂ ಮಕ್ಕಳಿದ್ದರು. ಹೊಣೆ ನಾನು, ಬುಟ್ಟಿ ಬಿಟ್ಟು ಏಳುವುದಿಲ್ಲ ಅಂದೆ. ಅಂದು ಕಲ್ಲಿನ ಪಕ್ಕ ನೆಲಕ್ಕೆ ಕುಳಿತೆ. ಅವರು ಹೋಗಲಿಲ್ಲ, ಬಡಿಗೆಯನ್ನೂ ಕೆಳಗಿಡಲಿಲ್ಲ. ಬೇವಿನ ನೆರಳಲ್ಲಿ ಸಾಲಾಗಿ ಕುಳಿತು ಎಲೆ ಅಡಿಕೆ ತೆಗೆದರು. ನಾನು ಎದ್ದ ಕೂಡಲೇ ಕೆಲಸ ಮುಗಿಸುವ ಹಂಚಿಕೆ ಅದು.

ಆಗ ನೆಗೆಣ್ಣಿ ಒಳಗಿನಿಂದ ಕರೆದಳು. ಅವಳ ದನಿ ಸಣ್ಣಗಾಗಿತ್ತು.

"ಅಕ್ಕ, ಬೆಕ್ಕಿಗೂ ಹತ್ತೈತಿ."

ಜೋಳದ ಚೀಲಗಳ ಸಂದಿಯಲ್ಲಿ ಬೆಕ್ಕು ಬಿದ್ದಿತ್ತಂತೆ. ಅವಳು ಅದನ್ನು ಮೊರದಲ್ಲಿ ಹಾಕಿ ಹಿತ್ತಲಿಗೆ ತಂದಳು. ಅದೇ ಜೊಲ್ಲು, ಅದೇ ನಡುಕ. ಗಂಡಸರು ಎದ್ದು ನಿಂತರು. ಹುಚ್ಚು ಬೆಕ್ಕಿಗೂ ಹಬ್ಬಿತು, ಇನ್ನು ಮನೆಮಂದಿಗೆಲ್ಲ ಅಂತ ಒಬ್ಬ ಅಂದ. ಸೊಸೆ ಕಂಬಕ್ಕೆ ಒರಗಿ ಅಳತೊಡಗಿದಳು.

ನನಗೆ ಮಾತ್ರ ಅಲ್ಲಿಯೇ ಏನೋ ತಡೆಯಿತು. ಸೋದರಮಾವನಿಗೆ ನಾಯಿ ಕಚ್ಚಿದ ಮೇಲೆ ಹುಚ್ಚು ಏರಲು ರಾಶಿ ಕಾಲದತನಕ ಹಿಡಿದಿತ್ತು. ಇಲ್ಲಿ ಮುಂಜಾನೆ ಎರಡೂ ಚಂದ ಇದ್ದವು. ನಾನೇ ಬೆಕ್ಕಿಗೆ ಹಾಲು ಹಾಕಿದ್ದೆ, ಬಟ್ಟಲು ನೆಕ್ಕಿ ಹೋಗಿತ್ತು. ಒಂದೇ ಮಧ್ಯಾಹ್ನ ಎರಡಕ್ಕೂ ಒಂದೇ ಥರ ಅಂದರೆ ಎರಡರ ಹೊಟ್ಟೆಗೂ ಒಂದೇ ಏನೋ ಹೋಗಿದೆ. ಮೊರಕ್ಕೆ ಬಗ್ಗಿ ಬೆಕ್ಕಿನ ಬಾಯಿ ಮೂಸಿದೆ. ಔಷಧದ ವಾಸನೆ. ಕುರಿ ಬಾನಿಯ ಹತ್ತಿರ ಸುಳಿಯದ ಬೆಕ್ಕಿನ ಬಾಯಲ್ಲಿ ಕುರಿ ಔಷಧದ ಘಾಟು ಬರುತ್ತಿತ್ತು.

ನಮ್ಮ ಮನೆಯವರು ಇಷ್ಟೂ ಹೊತ್ತು ಹಟ್ಟಿಯ ಬಾಗಿಲಲ್ಲಿ ನಿಂತಿದ್ದರು. ಯಾರೋ ಆಗಲೇ ಅವರನ್ನು ಕೇಳಿದ್ದರು, ನಾಯಿ ಏನಾದರೂ ತಿಂದಿದೆಯೇನು ಅಂತ. ಏನೂ ತಿಂದಿಲ್ಲ ಅಂದಿದ್ದರು. ಸುಳ್ಳು ಹೇಳಿದ್ದಲ್ಲ. ಅದು ಏನೂ ತಿಂದಿರಲಿಲ್ಲ.

"ಇವತ್ತ ನಾಯಿಗೆ ಏನ ಮಾಡಿದ್ರಿ?" ಅಂದೆ.

"ನಾ ಏನ ಮಾಡ್ಲಿ? ಕುರಿ ಜೋಡಿ ಮುಣಗಿಸಿ ತಗದ್ನಿ. ಪ್ರತಿ ಸಲ ಮುಣಗಸ್ತೀವಿ."

"ಆಮ್ಯಾಲ?"

"ಆಮ್ಯಾಲ ಏನ. ಕಟ್ಟಿ ಹಾಕಿದ್ನಿ."

"ಯಾಕ ಕಟ್ಟಿದ್ರಿ?"

ಅವರು ಬಡಿಗೆ ಹಿಡಿದವರ ಕಡೆ ನೋಡಿದರು, ಎಲ್ಲರ ಮುಂದೆ ಹೆಂಡತಿ ಕಟಕಟೆಗೆ ಹತ್ತಿಸಿದಳಲ್ಲ ಅನ್ನುವ ಮೋರೆ. ಒಂದೊಂದೇ ಮಾತು ಎಳೆದು ತೆಗೆಯಬೇಕಾಯಿತು. ಪ್ರತಿ ಸಲ ಬಾನಿಯಿಂದ ಎದ್ದ ನಾಯಿ ನೆಟ್ಟಗೆ ಹಳ್ಳಕ್ಕೆ ಓಡಿ ನೀರಲ್ಲಿ ಹೊರಳಾಡಿ ಬರುತ್ತಿತ್ತು. ಔಷಧವೆಲ್ಲ ಹಳ್ಳದ ಪಾಲು, ಉಣ್ಣಿ ಇದ್ದಲ್ಲೇ ಇದ್ದವು. ಈ ಸಲ ಔಷಧ ಮೈಮೇಲೆ ನಿಲ್ಲಲಿ ಅಂತ ನೆರಳಲ್ಲಿ ಕಟ್ಟಿಹಾಕಿ, ಮೈ ಒಣಗಿದ ಮೇಲೆ ಬಿಚ್ಚಿದ್ದರು. ಅಷ್ಟೇ ಅಲ್ಲ. ಅಷ್ಟು ಕುರಿ ಮುಳುಗಿದ ನೀರಿನಲ್ಲಿ ಔಷಧದ ಖಾರ ಎಲ್ಲಿ ಉಳಿದಿರುತ್ತದೆ, ನಾಯಿಗೆ ಉಣ್ಣಿ ಬೇರೆ ಹೆಚ್ಚು ಅಂತ ಬಾಟಲಿಯ ಮುಚ್ಚಳ ತುಂಬ ಮತ್ತೆ ಔಷಧ ಸುರಿದಿದ್ದರು.

"ಕುರಿಗಿ ಏನೂ ಆಗಿಲ್ಲಲ್ಲ," ಅಂದರು. "ಒಂದ ಕುರೀನಾರ ನಡಗಾಕತ್ತೈತೇನು, ಹೋಗಿ ನೋಡು."

ಕುರಿಗಳು ಬಿಸಿಲಲ್ಲಿ ಮೆಲುಕು ಹಾಕುತ್ತಾ ನಿಂತಿದ್ದವು. ಮೈದುನ ನಕ್ಕ. ಕುರಿಗೆ ಆಗದ್ದು ನಾಯಿಗೆ ಆಗುತ್ತದೇನು, ವೈನಿ ವಕೀಲಿಕೆ ಕಲಿತಿದ್ದಾಳೆ ಅಂದ. ನಾನು ಅವನ ಕಡೆ ನೋಡಲಿಲ್ಲ. ಇಂಡಿಗೆ ಒಯ್ಯೋಣ, ದನದ ಡಾಕ್ಟರು ನೋಡಲಿ, ಹುಚ್ಚು ಅಂದರೆ ಅಲ್ಲೇ ಮುಗಿಸಿ ಬರುತ್ತೇನೆ ಅಂದೆ. ಆ ಕಡೆಯ ಮಾತಿಗೆ ಅವರು ಒಪ್ಪಿದರು. ಕೊಲ್ಲುವ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಅವರಿಗೆ ಸಮಾಧಾನವಾಯಿತು ಅಂತ ಕಾಣುತ್ತದೆ.

ಕಿರಾಣಿ ಅಂಗಡಿಯವನ ಟೆಂಪೋ ಬಂತು. ಬುಟ್ಟಿಯ ಕೆಳಗೆ ಗೋಣಿತಟ್ಟು ತೂರಿಸಿ, ಬುಟ್ಟಿ ಸಮೇತ ಹಗ್ಗ ಬಿಗಿದು, ನಾಯಿಗೆ ಯಾರ ಕೈಯೂ ತಾಗದಂತೆ ಹೇರಿದೆವು. ಬೆಕ್ಕನ್ನು ಕೌದಿಯ ತುಂಡಲ್ಲಿ ಸುತ್ತಿ ಮೊರದಲ್ಲೇ ಇಟ್ಟೆ. ಔಷಧದ ಬಾಟಲಿ ತರಲು ನಮ್ಮ ಮನೆಯವರಿಗೆ ಹೇಳಿದೆ. ಬಾಟಲಿ ಯಾಕೆ, ಅದಕ್ಕೇನು ಜಡ್ಡಾಗಿದೆಯೇನು ಅಂದರು. ನಾನೇ ಹೋಗಿ ಹಟ್ಟಿಯ ಸೂರಿನಿಂದ ತೆಗೆದು ಸೆರಗಿಗೆ ಕಟ್ಟಿಕೊಂಡೆ. ಮೇಲೆ ಬರೆದದ್ದು ನಮ್ಮಿಬ್ಬರಿಗೂ ಓದಲು ಬರಲಿಲ್ಲ, ಇಂಗ್ಲಿಷು. ಕುರಿಯ ಚಿತ್ರವಿತ್ತು, ಅದನ್ನು ನೋಡಿಯೇ ತಂದದ್ದು. ಸೊಸೆಯನ್ನು ಕರೆದೊಯ್ಯುವುದು ನನಗೆ ಸರಿಕಾಣಲಿಲ್ಲ. ಬಸುರಿ, ಟೆಂಪೋ ಕುಲುಕಾಟ, ಹುಚ್ಚು ನಾಯಿಯ ಪಕ್ಕ. ನೆಗೆಣ್ಣಿಯ ಹತ್ತಿರ ಬಿಟ್ಟು ಹೋದೆ.

ಝಳಕಿ ದಾಟುವಾಗ ಬೆಕ್ಕು ಸತ್ತಿತು. ಸಣ್ಣ ಮೈ, ತಾಳಲಿಲ್ಲ. ನಾಯಿಯ ಉಸಿರು ಗೊರಗೊರ ಅನ್ನುತ್ತಿತ್ತು, ಆಗಾಗ ನಿಲ್ಲುತ್ತಿತ್ತು. ನಿಂತಾಗೆಲ್ಲ ನಾನು ಬುಟ್ಟಿಗೆ ಕಿವಿ ಕೊಡುತ್ತಿದ್ದೆ. ನಮ್ಮ ಮನೆಯವರು ಎದುರು ಕುಳಿತು ಬೀಡಿ ಹಚ್ಚುವುದು, ಆರಿಸುವುದು ಮಾಡುತ್ತಿದ್ದರು.

ದನದ ದವಾಖಾನೆಯಲ್ಲಿ ಡಾಕ್ಟರು ಎಮ್ಮೆಯೊಂದರ ಕೆಚ್ಚಲು ನೋಡುತ್ತಿದ್ದರು. ವಯಸ್ಸು ಚಿಕ್ಕದು, ಮಾತು ಕಡಿಮೆ. ನಾನು ಹೇಳಿದ್ದು ಕೇಳಿ ಕೈಗೆ ರಬ್ಬರಿನ ಗ್ಲೌಸು ಏರಿಸಿಕೊಂಡರು. ನಮ್ಮನ್ನು ದೂರ ನಿಲ್ಲಿಸಿ ನಾಯಿಯ ಮೇಲೆ ದಪ್ಪ ತಟ್ಟು ಹಾಕಿಸಿ, ಬ್ಯಾಟರಿ ಬಿಟ್ಟು ಅದರ ಕಣ್ಣು ನೋಡಿದರು. ಕಣ್ಣಿನ ಗೊಂಬೆ ಸಾಸಿವೆ ಕಾಳಿನಷ್ಟಾಗಿದೆ ಅಂದರು. ಏನು ಔಷಧ ಮುಟ್ಟಿತ್ತು ಅಂತ ಕೇಳಿದರು. ನಾನು ಬಾಟಲಿ ಕೊಟ್ಟೆ. ಓದಿ, ತಿರುಗಿ ನಮ್ಮ ಮನೆಯವರನ್ನು ನೋಡಿದರು.

"ಯಜಮಾನ್ರ, ಕುರಿ ತನ್ನ ಮೈ ನೆಕ್ಕೂದಿಲ್ಲ," ಅಂದರು. "ನಾಯಿ ನೆಕ್ಕತೈತಿ. ಬೆಕ್ಕಂತೂ ದಿನಾ ಅದ ಕೆಲಸ ಮಾಡತೈತಿ."

ನಮ್ಮ ಮನೆಯವರು ಹುಟ್ಟಿದಾಗಿನಿಂದ ಕುರಿ ನೋಡಿದವರು, ನಾಯಿ ನೋಡಿದವರು. ಕಣ್ಣ ಮುಂದೆ ಇದ್ದ ಸಂಗತಿ. ನಾನೂ ನೋಡಿದವಳೇ, ನನಗೂ ಹೊಳೆದಿರಲಿಲ್ಲ.

ಡಾಕ್ಟರು ಸೂಜಿ ಹಾಕಿದರು. ಸ್ವಲ್ಪ ಹೊತ್ತು ನೋಡಿ ಮತ್ತೆ ಹಾಕಿದರು. ನಡುಕ ತಗ್ಗಿದ ಮೇಲೆ ನಾಯಿಯನ್ನು ಕಟ್ಟೆಯ ನಳಕ್ಕೆ ಒಯ್ದು ಸಾಬೂನು ಹಚ್ಚಿ ಮೈಯೆಲ್ಲ ತೊಳೆಯಬೇಕು ಅಂದರು. ಮೈಮೇಲೆ ಉಳಿದದ್ದು ತೊಗಲಿಂದಲೂ ಒಳಗೆ ಇಳಿಯುತ್ತದಂತೆ. ದವಾಖಾನೆಯ ಆಳು ಮುಂದೆ ಬಂದ. ನಮ್ಮ ಮನೆಯವರು ಅವನನ್ನು ತಡೆದು ತಾವೇ ಧೋತರ ಎತ್ತಿ ಕಟ್ಟಿದರು. ಡಾಕ್ಟರು ಅವರ ಕೈಗೂ ಗ್ಲೌಸು ಹಾಕಿಸಿದರು. ನಮ್ಮ ಮನೆಯವರು ಮೊಣಕಾಲೂರಿ ನಾಯಿ ತೊಳೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎಲುಬು ಸಿಕ್ಕಂತೆ ಕಂಡರೂ ಬಾಯಿಗೆ ಕೈ ಹಾಕಬಾರದು, ನಡುಗುವ ಪ್ರಾಣಿಯ ಬಾಯಿಗೆ ಹಾಲು, ತುಪ್ಪ, ಮಜ್ಜಿಗೆ ಏನೂ ಸುರಿಯಬಾರದು, ಶ್ವಾಸಕ್ಕೆ ಹೋಗಿ ಅದರಿಂದಲೇ ಸಾಯುತ್ತದೆ ಅಂತ ಡಾಕ್ಟರು ಹೇಳುತ್ತಾ ಹೋದರು. ಉಣ್ಣಿಗೆ ನಾಯಿಯದೇ ಔಷಧ ಬೇರೆ ಬರುತ್ತದೆ, ಅದನ್ನೂ ಬೆಕ್ಕಿಗೆ ಹಾಕುವಂತಿಲ್ಲ. ಅಲ್ಲಿಯತನಕ ಕೈಯಿಂದ ಆರಿಸಿ ಉಪ್ಪು ನೀರಿಗೆ ಹಾಕಿ ಅಂದರು. ಬೆಕ್ಕನ್ನು ಬೇರೆ ಪ್ರಾಣಿ ಕೆದರದಂತೆ ಆಳವಾಗಿ ಹೂಳಲು ಹೇಳಿದರು.

ನಾಯಿಯ ಜೊಲ್ಲು ನಿಂತಿತು. ಉಸಿರು ಸರಿಹೋಯಿತು. ನಾನು ಒಂದೇ ಮಾತು ಕೇಳಿದೆ.

"ಅಂದ್ರ ಹುಚ್ಚಲ್ಲ. ಹೌದಲ್ರಿ?"

ಅವರು ಕೂಡಲೇ ಹೌದು ಅನ್ನಲಿಲ್ಲ. ನಾಯಿಗೆ ಹುಚ್ಚಿನ ಸೂಜಿ ಯಾವತ್ತಾದರೂ ಹಾಕಿಸಿದ್ದೀರಾ ಅಂದರು. ಇಲ್ಲ. ಈಚೆಗೆ ಬೇರೆ ನಾಯಿ ಜೋಡಿ ಕಚ್ಚಾಡಿತ್ತಾ ಅಂದರು. ಅದರ ಎಡಗಿವಿಯ ತುದಿ ಹರಿದಿತ್ತು. ಹೋದ ತಿಂಗಳು ಹೊರ್ತಿ ಕಡೆ ಕುರಿ ಮೇಯಿಸಲು ಹೋದಾಗ ಯಾವುದೋ ಬೀದಿ ನಾಯಿ ಹರಿದದ್ದು. ಅದರ ಮೇಲೆ ಅರಿಸಿನ ಹಚ್ಚಿದವಳು ನಾನೇ.

"ನೋಡವ್ವಾ," ಅಂದರು. "ವಿಷ ಏರಿತ್ತು ಅಂತ ನಾ ಹೇಳ್ತೇನಿ. ಹುಚ್ಚಿಲ್ಲ ಅಂತ ನಾ ಇವತ್ತ ಹೇಳಂಗಿಲ್ಲ. ಹತ್ತು ದಿನ ಕಟ್ಟಿ ಹಾಕ್ರಿ. ಬದುಕಿದ್ರ ಆವಾಗ ಹೇಳ್ತೇನಿ."

ಸೊಸೆಯ ಕೈಗೆ ಏನು ಹಚ್ಚಿದಿರಿ ಅಂತ ಕೇಳಿದರು. ಖಾರ, ಸುಣ್ಣ ಅಂದೆ. ಅವರು ಮುಖ ಕಿವುಚಿದರು. ಹೋದ ಕೂಡಲೇ ಅದನ್ನೆಲ್ಲ ತೆಗೆದು, ಸಾಬೂನು ಹಚ್ಚಿ, ಹರಿಯುವ ನೀರಲ್ಲಿ ಬಹಳ ಹೊತ್ತು ತೊಳೆಯಬೇಕು. ಮಂದಿ ದವಾಖಾನೆಯಲ್ಲಿ ಸೂಜಿ ಶುರು ಮಾಡಿಸಬೇಕು. ಹತ್ತು ದಿನ ನಾಯಿಯ ದಾರಿ ಕಾಯುತ್ತಾ ಕೂಡಬಾರದು, ಸೂಜಿ ನಡೆಯುತ್ತಿರಲಿ, ನಾಯಿ ಚಂದ ಉಳಿದರೆ ಉಳಿದ ಸೂಜಿ ನಿಲ್ಲಿಸುವುದನ್ನು ಅಲ್ಲಿಯ ಡಾಕ್ಟರೇ ಹೇಳುತ್ತಾರೆ. ಇವತ್ತೇ ಕರೆತರಬೇಕಿತ್ತು ಅಂದರು. ಬಸುರಿಗೆ ನಡೆಯುತ್ತದೇನು ಅಂತ ಕೇಳಿದೆ. ಬಸುರಿಗೂ ಕೊಡುತ್ತಾರೆ, ಬಿಡುವುದೇ ಅಪಾಯ ಅಂದರು. ಹೊರಗೆ ಹೊತ್ತು ಇಳಿಯುತ್ತಿತ್ತು. ಹೋಗಿ ಮತ್ತೆ ಬರಲು ಟೆಂಪೋದವನು ಒಪ್ಪಲಿಲ್ಲ. ಬೈದೆ, ಕೈ ಮುಗಿದೆ, ಎರಡಕ್ಕೂ ಬಗ್ಗಲಿಲ್ಲ.

ಊರಿಗೆ ಬಂದಾಗ ಓಣಿಯವರು ಕಾದಿದ್ದರು. ನಾಯಿಯನ್ನು ಇಳಿಸಿ ಸರಪಳಿ ಹಾಕಿ ಗೂಟಕ್ಕೆ ಕಟ್ಟಿದೆವು. ಮೈದುನ ಅದೇ ಪರಾತದಲ್ಲಿ ನೀರಿಟ್ಟ. ನಾಯಿ ಓಲಾಡುತ್ತಾ ಎದ್ದು ಲಪಲಪ ಕುಡಿಯಿತು. ಪರಾತದ ತಳ ಕಂಡಿತು. ಎಲ್ಲರೂ ನಕ್ಕರು, ಗೂಟ ಹಿಡಿದು ಬಂದವನು ಎಲ್ಲರಿಗಿಂತ ಜೋರಾಗಿ ನಕ್ಕ. ಹೊಡೆಯಲು ಬಂದವರು ಅಲ್ಲೇ ಚಾ ಕುಡಿದು ಹೋದರು.

ನಾನು ಸೊಸೆಯನ್ನು ನಳಕ್ಕೆ ಎಳೆದೊಯ್ದೆ. ಬಟ್ಟೆ ಸಾಬೂನಿನಿಂದ ಕೈ ತೊಳೆದೆ. ಖಾರ ಗಾಯದೊಳಗೆ ಕಚ್ಚಿ ಕುಳಿತಿತ್ತು, ಕೈ ಬಾತಿತ್ತು. ಅವಳು ಸಾಕು ಅಂದಾಗಲೂ ಬಿಡಲಿಲ್ಲ. ತುಂಬಿದ ಕೊಡ ಹಿಡಿದು ನಿಂತಿದ್ದ ನೆಗೆಣ್ಣಿ, ನೀರೆಲ್ಲ ಮುಗಿಸುತ್ತೀಯಾ ಅಂತ ಗೊಣಗಿದಳು. ತೊಳೆಯುತ್ತಲೇ ಹೇಳಿದೆ, ನಾಳೆ ಇಂಡಿಗೆ ಹೋಗುವುದಿದೆ, ಹೊಟ್ಟೆಗೆ ಸೂಜಿ. ಆಗ ಆ ಸೂಜಿ ಹೊಟ್ಟೆಗೇ ಹಾಕುತ್ತಿದ್ದರು.

ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಔಷಧ ಏರಿದ್ದು ಅಂತ ಡಾಕ್ಟರೇ ಹೇಳಿದ ಮೇಲೆ ಸೂಜಿ ಯಾಕೆ ಅಂತ ನಮ್ಮ ಮನೆಯವರು. ಕೂಸಿರುವ ಹೊಟ್ಟೆಗೆ ಚುಚ್ಚುತ್ತಾರಾ, ಏನಾದರೂ ಆದರೆ ಮಸೂತಿಯವರಿಗೆ ಮೋರೆ ಹೆಂಗೆ ತೋರಿಸುವುದು ಅಂತ ನೆಗೆಣ್ಣಿ. ಮಗ ಬರಲಿ, ಅವನನ್ನು ಕೇಳಿ ಮಾಡೋಣ ಅಂತ ಮೈದುನ. ಅದು ಕಚ್ಚಿದ್ದೇ ಅಲ್ಲ, ನಡುಗುವಾಗ ಹಲ್ಲು ತಾಗಿದ್ದು ಅಂತಲೂ ಅಂದ. ಹಲ್ಲು ನಟ್ಟಿದ್ದು, ಜೊಲ್ಲು ರಕ್ತಕ್ಕೆ ಬೆರೆತದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಎಲ್ಲರೂ ಒಂದಾದರು, ಒಂದಾಗಲು ಅವರಿಗೆ ಕಾರಣವೂ ಇತ್ತು. ನಾಯಿ ಕಣ್ಣೆದುರೇ ರೊಟ್ಟಿ ತಿನ್ನುತ್ತಿತ್ತು.

ಸೊಸೆ ಕೈ ಒರೆಸಿಕೊಂಡು ಮೆಲ್ಲಗೆ ಅಂದಳು, "ನೀರು ಕುಡೀತಲ್ರಿ ಅತ್ತಿ. ನಾ ಒಲ್ಲೆ. ಕೂಸಿಗಿ ಏನಾರ ಆದ್ರ?"

ನನಗೂ ಅದೇ ಅಂಜಿಕೆ ಇತ್ತು. ಇಲ್ಲ ಅನ್ನುವುದಿಲ್ಲ. ಮೊಮ್ಮಗುವಿನ ಮೋರೆ ಇನ್ನೂ ಕಂಡಿರಲಿಲ್ಲ, ಅದರ ಮೇಲಿನ ಆಸೆ ನನಗೇನು ಕಡಿಮೆ ಇರಲಿಲ್ಲ. ಆದರೆ ನನ್ನ ಕಣ್ಣಿಗೆ ಕಟ್ಟಿದ್ದು ಆ ಕಿಂಡಿ.

"ನಮ್ಮ ಸೋದರಮಾವನೂ ನೀರು ಕುಡೀತಿದ್ದ," ಅಂದೆ. "ರಾಶಿ ಬರೂತನಕ ಕುಡದ. ನಾಯಿ ಕುಡದದ್ದು ನಾಯಿಗಿ ಚೊಲೊ. ನೀ ನಾಳೆ ನನ್ನ ಜೋಡಿ ಬರ್ತಿ."

ನಮ್ಮ ಮನೆಯವರು ಎದ್ದು ಬೆಕ್ಕನ್ನು ಹೂಳಲು ಸನಿಕೆ ತೆಗೆದುಕೊಂಡು ಹಿತ್ತಲಿಗೆ ಹೋದರು.

ಮರುದಿನ ಕೋಳಿ ಕೂಗುವ ಹೊತ್ತಿಗೆ ಎದ್ದೆ. ಹಟ್ಟಿಗೆ ಹೋಗಿ ಬಾನಿಯಲ್ಲಿ ನಿಂತಿದ್ದ ನೀರನ್ನು ನೋಡಿದೆ. ಹಳ್ಳಕ್ಕೂ ತಿಪ್ಪೆಗೂ ಚೆಲ್ಲದೆ ದೂರದ ಬರಡಿನಲ್ಲಿ ಗುಂಡಿ ತೋಡಿ ಸುರಿದು ಮುಚ್ಚಲು ನಮ್ಮ ಮನೆಯವರಿಗೆ ಹೇಳಿದೆ. ಅವರು ಹೂಂ ಅಂದರು. ನಾಯಿಯ ಸರಪಳಿ ಎಳೆದು ನೋಡಿದೆ, ಗಟ್ಟಿ ಇತ್ತು. ಬಡಿಗೆಯಿಂದ ತಾಟು ಮುಂದೆ ತಳ್ಳಿ ರೊಟ್ಟಿ ಹಾಕಿದೆ, ಕೈ ಚಾಚಲಿಲ್ಲ. ನಾನು ಬರುವತನಕ ಯಾರೂ ಅದನ್ನು ಮುಟ್ಟುವಂತಿಲ್ಲ, ಬಿಡುವಂತಿಲ್ಲ, ಹೊಡೆಯುವಂತಿಲ್ಲ ಅಂತ ಮೈದುನನ ಬಾಗಿಲಿಗೆ ಹೋಗಿ ಕೇಳುವಂತೆ ಹೇಳಿ ಬಂದೆ.

ಸೊಸೆಯನ್ನು ಕರೆದೆ. ಅವಳು ಹಾಸಿಗೆ ಮೇಲೆ ಕುಳಿತೇ ಇದ್ದಳು, ಎದ್ದಿರಲಿಲ್ಲ. ಅವಳ ಸೀರೆ ತೆಗೆದು ತೊಡೆಯ ಮೇಲೆ ಹಾಕಿದೆ. ಬುತ್ತಿಗೆ ಕಟ್ಟಿದ ರೊಟ್ಟಿ ಚೀಲ ಹೆಗಲಿಗೆ ಏರಿಸಿ ಬಾಗಿಲಲ್ಲಿ ನಿಂತೆ. ಬಹಳ ಹೊತ್ತಿನ ಮೇಲೆ ಎದ್ದಳು.

ಝಳಕಿಗೆ ನಡೆದು ಹೋದೆವು. ಅವಳು ಹಿಂದೆ, ನಾನು ಮುಂದೆ. ಮೊದಲನೇ ಬಸ್ಸು ಬಂತು. ಹಿಂದಿನ ಬಾಗಿಲಿಂದ ಅವಳನ್ನು ಮೊದಲು ಹತ್ತಿಸಿದೆ, ಇಳಿದು ಓಡದಂತೆ ಕಿಟಕಿ ಪಕ್ಕ ಕೂಡಿಸಿ ನಾನು ಈಚೆ ಕುಳಿತೆ. ಕಂಡಕ್ಟರ್ ಬಂದು ಎಲ್ಲಿಗೆ ಅಂದ.

"ಎರಡ ಇಂಡಿ ಕೊಡಪಾ," ಅಂದೆ. "ಸರ್ಕಾರಿ ದವಾಖಾನಿ ಮುಂದ ಇಳಸು."